ಗ್ರೆನಡಾದಲ್ಲಿ 15ಕ್ಕೆ 15: ಎಲ್ಲ ಸೀಟೂ ಒಂದೇ ಪಕ್ಷಕ್ಕೆ ಹೋದರೆ ಪ್ರಶ್ನೆ ಕೇಳುವವರು ಯಾರು?

ತುಂಗಾತೀರ (ಚರ್ಚೆ ಆರಂಭಿಸಿದವರು):

2018ರ ಮಾರ್ಚ್ 13ರಂದು ಕೆರಿಬಿಯನ್ ದ್ವೀಪದೇಶ ಗ್ರೆನಡಾದಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಅಲ್ಲಿ ಇರುವುದೇ 15 ಕ್ಷೇತ್ರ. ಹದಿನೈದೂ ಒಂದೇ ಪಕ್ಷದ ಪಾಲಾದವು. ಗೆದ್ದದ್ದು ಕೀತ್ ಮಿಚೆಲ್ ಅವರ ನ್ಯೂ ನ್ಯಾಷನಲ್ ಪಾರ್ಟಿ, ಅಂದರೆ ಎನ್‌ಎನ್‌ಪಿ. ಇದು ಮೊದಲ ಸಲವೂ ಅಲ್ಲ. 1999ರಲ್ಲಿ ಇದೇ ಪಕ್ಷ, ಇದೇ ನಾಯಕ, 15ಕ್ಕೆ 15. 2013ರಲ್ಲಿ ಮತ್ತೆ 15ಕ್ಕೆ 15.

ಈಗ ಮತಗಳನ್ನು ನೋಡಿ. 2018ರಲ್ಲಿ ಎನ್‌ಎನ್‌ಪಿಗೆ ಬಂದದ್ದು ಸುಮಾರು ಶೇ. 59. ಎದುರಾಳಿ ನ್ಯಾಷನಲ್ ಡೆಮಾಕ್ರಟಿಕ್ ಕಾಂಗ್ರೆಸ್, ಅಂದರೆ ಎನ್‌ಡಿಸಿಗೆ ಬಂದದ್ದು ಸುಮಾರು ಶೇ. 40. 2013ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮತ ಹಾಕಿದ ಐದು ಜನರಲ್ಲಿ ಇಬ್ಬರು ಬೇರೆ ಪಕ್ಷ ಬೇಕು ಅಂದಿದ್ದರು. ಆ ಇಬ್ಬರ ಪರವಾಗಿ ಸಭೆಯಲ್ಲಿ ಕೂರಲು ಒಬ್ಬರೂ ಇರಲಿಲ್ಲ. ಎರಡು ಚುನಾವಣೆ ಹೀಗೇ ಆಯಿತು.

ದೇಶ ಎಷ್ಟು ಚಿಕ್ಕದು ಅಂತ ಮೊದಲು ಹೇಳಿಬಿಡುತ್ತೇನೆ. ಗ್ರೆನಡಾ, ಕ್ಯಾರಿಯಾಕೂ, ಪೆಟೀಟ್ ಮಾರ್ಟಿನೀಕ್ ಎಂಬ ಮೂರು ದ್ವೀಪ ಸೇರಿ 344 ಚದರ ಕಿಲೋಮೀಟರ್. ಹಿಂದಿನ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಪ್ರದೇಶದ ಅರ್ಧವೂ ಆಗುವುದಿಲ್ಲ. ಜನಸಂಖ್ಯೆ ಒಂದು ಲಕ್ಷದ ಮೇಲೆ ಸ್ವಲ್ಪ. ನಮ್ಮ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಸರಾಸರಿ ಎರಡು ಲಕ್ಷಕ್ಕೂ ಜಾಸ್ತಿ ಮತದಾರರಿದ್ದಾರೆ. ಅಷ್ಟು ಜನರೂ ಇಲ್ಲದ ಆ ದೇಶಕ್ಕೆ ಪ್ರಧಾನಿ, ಸಂಪುಟ, ಎರಡು ಸದನ, ವಿಶ್ವಸಂಸ್ಥೆಯಲ್ಲಿ ಒಂದು ಮತ, ಎಲ್ಲವೂ ಇದೆ.

ನನ್ನನ್ನು ತುಂಬಾ ಕಾಡಿದ ವಿಷಯ ಬೇರೆ. ಗ್ರೆನಡಾದಲ್ಲಿ ಚುನಾಯಿತ ಸ್ಥಳೀಯ ಸರ್ಕಾರ ಇಲ್ಲ. ಪಂಚಾಯಿತಿ ಇಲ್ಲ, ಪುರಸಭೆ ಇಲ್ಲ, ಮೇಯರ್ ಇಲ್ಲ. ರಾಜ್ಯಗಳಂತೂ ಇಲ್ಲವೇ ಇಲ್ಲ. ಮೇಲ್ಮನೆಯಾದ ಸೆನೆಟ್‌ಗೆ ನೇಮಕ ಮಾಡುತ್ತಾರೆ, ಚುನಾವಣೆ ಇಲ್ಲ. ಜನ ಮತ ಹಾಕಿ ಆರಿಸುವುದು ಕೆಳಮನೆಯ ಆ 15 ಜನರನ್ನು ಮಾತ್ರ. ಹಾಗಾಗಿ 15–0 ಬಂದ ದಿನ ಇಡೀ ದೇಶದಲ್ಲಿ ಆಡಳಿತ ಪಕ್ಷದ ಹೊರಗೆ ಜನರಿಂದ ಆರಿಸಿ ಬಂದ ಒಬ್ಬನೇ ಒಬ್ಬ ಮನುಷ್ಯನೂ ಇರಲಿಲ್ಲ. ನಮ್ಮಲ್ಲಿ ಒಂದು ಪಕ್ಷ ವಿಧಾನಸಭೆಯಲ್ಲಿ ಎಷ್ಟೇ ದೊಡ್ಡದಾಗಿ ಗೆದ್ದರೂ ಎಲ್ಲೋ ಒಂದು ಗ್ರಾಮ ಪಂಚಾಯಿತಿಯಲ್ಲಿ, ಒಂದು ನಗರಸಭೆಯಲ್ಲಿ ಬೇರೆ ಕಡೆಯವರು ಇದ್ದೇ ಇರುತ್ತಾರೆ. ಅಲ್ಲಿ ಆ ಜಾಗವೇ ಇಲ್ಲ.

ಆಮೇಲೆ 2022 ಬಂತು. ಚುನಾವಣೆಗೆ ಇನ್ನೂ ಸಮಯ ಇತ್ತು. ಕೀತ್ ಮಿಚೆಲ್ ಮುಂಚೆಯೇ ಕರೆದರು. ಜೂನ್ 23ಕ್ಕೆ ಮತದಾನ. ಎನ್‌ಡಿಸಿಯ ಹೊಸ ನಾಯಕ ಡಿಕನ್ ಮಿಚೆಲ್, 44 ವರ್ಷದ ವಕೀಲ, ಹಿಂದಿನ ವರ್ಷದ ಅಕ್ಟೋಬರ್ ಕೊನೆಯಲ್ಲಷ್ಟೇ ಪಕ್ಷದ ನಾಯಕರಾಗಿದ್ದರು. ಅದಕ್ಕೆ ಮೊದಲು ಸಂಸದರೂ ಆಗಿರಲಿಲ್ಲ. ಇಬ್ಬರೂ ಮಿಚೆಲ್, ಆದರೆ ಸಂಬಂಧಿಕರಲ್ಲ. ಫಲಿತಾಂಶ ಎನ್‌ಡಿಸಿ 9, ಎನ್‌ಎನ್‌ಪಿ 6. ಮರುದಿನವೇ ಡಿಕನ್ ಮಿಚೆಲ್ ಪ್ರಮಾಣವಚನ ತೆಗೆದುಕೊಂಡರು. ಒಂದು ಸೀಟೂ ಇಲ್ಲದ ಪಕ್ಷ ನೇರವಾಗಿ ಸರ್ಕಾರಕ್ಕೆ ಬಂತು.

ನನ್ನ ಅಭಿಪ್ರಾಯ ಇಷ್ಟು. ಜನ ಸರಿಯಾಗಿಯೇ ಮತ ಹಾಕಿದ್ದಾರೆ, ಎಣಿಕೆಯೂ ಸರಿಯಾಗಿದೆ. ಆದರೆ ವಿರೋಧ ಪಕ್ಷ ಇರಬೇಕೋ ಬೇಡವೋ ಅನ್ನುವುದನ್ನು ಗೆದ್ದವರ ಅಂತರಕ್ಕೆ ಬಿಡಬಾರದು. ಅದನ್ನು ಕಾನೂನೇ ಕಾಪಾಡಬೇಕು. ನಿಮಗೇನನ್ನಿಸುತ್ತದೆ?

ಬಯಲುಸೀಮೆಯವ:

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಆದರೆ ನಾನು ಒಪ್ಪುವುದಿಲ್ಲ. ಪ್ರತಿ ಕ್ಷೇತ್ರದಲ್ಲೂ ಜಾಸ್ತಿ ಮತ ಪಡೆದವರು ಗೆದ್ದರು. ಹದಿನೈದು ಕ್ಷೇತ್ರದಲ್ಲೂ ಜನ ಒಂದೇ ತೀರ್ಮಾನಕ್ಕೆ ಬಂದರೆ ಅದು ಜನರ ಇಷ್ಟ. ಸೋತವರಿಗೆ ಕುರ್ಚಿ ಕೊಡಿಸಲು ಕಾನೂನು ಯಾಕೆ?

2013ರ ಹಿನ್ನೆಲೆಯನ್ನೂ ಹೇಳಬೇಕಲ್ವಾ. 2008ರಲ್ಲಿ ಎನ್‌ಡಿಸಿ 11 ಸೀಟು ಗೆದ್ದು ಬಂದಿತ್ತು. ಟಿಲ್‌ಮನ್ ಥಾಮಸ್ ಪ್ರಧಾನಿ. ಅಷ್ಟು ಒಳ್ಳೆಯ ಬಹುಮತ ಇಟ್ಟುಕೊಂಡು ಒಳಜಗಳದಲ್ಲಿ ಮುಳುಗಿದರು. ಮಂತ್ರಿಗಳು ಒಬ್ಬೊಬ್ಬರಾಗಿ ಹೊರಗೆ ಹೋದರು. 2012ರಲ್ಲಿ ಅವಿಶ್ವಾಸ ನಿರ್ಣಯದ ಭಯಕ್ಕೆ ಪಾರ್ಲಿಮೆಂಟ್ ಅಧಿವೇಶನವನ್ನೇ ಮುಗಿಸಿದರು. ಆ ಪಕ್ಷಕ್ಕೆ ಸೊನ್ನೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಜನ ಶಿಕ್ಷೆ ಕೊಟ್ಟರು. ಅದೇ ಜನ 2022ರಲ್ಲಿ ಇನ್ನೊಬ್ಬರನ್ನು ಇಳಿಸಿದರು. ವ್ಯವಸ್ಥೆ ಚೆನ್ನಾಗಿಯೇ ಕೆಲಸ ಮಾಡಿದೆ.

ತುಂಗಾತೀರ:

ಶಿಕ್ಷೆ ಕೊಡುವ ಹಕ್ಕು ಜನರದ್ದೇ. ಅದರಲ್ಲಿ ನನ್ನ ತಕರಾರಿಲ್ಲ. ಚುನಾವಣೆಯ ಮರುದಿನದಿಂದ ಮುಂದಿನ ಚುನಾವಣೆಯವರೆಗೆ ಏನಾಗುತ್ತದೆ ಅನ್ನುವುದು ನನ್ನ ಪ್ರಶ್ನೆ.

ಬಜೆಟ್ ಮಂಡನೆ ಆಗುತ್ತದೆ. ಈ ಹಣ ಎಲ್ಲಿಗೆ ಹೋಯಿತು ಅಂತ ಯಾರು ಕೇಳುತ್ತಾರೆ? ವೆಸ್ಟ್‌ಮಿನ್‌ಸ್ಟರ್ ಪದ್ಧತಿಯಲ್ಲಿ, ಅಂದರೆ ಬ್ರಿಟನ್ ಮಾದರಿಯ ಸಂಸತ್ತಿನಲ್ಲಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುವುದು ರೂಢಿ. ನಮ್ಮ ಸಂಸತ್ತಿನಲ್ಲೂ 1967ರಿಂದ ಹಾಗೇ ನಡೆದು ಬಂದಿದೆ. ವಿರೋಧ ಪಕ್ಷವೇ ಇಲ್ಲದ ಸಭೆಯಲ್ಲಿ ಖರ್ಚು ಮಾಡಿದವರೇ ಲೆಕ್ಕ ನೋಡಬೇಕು. ಅದೂ 15 ಜನರ ಸಭೆಯಲ್ಲಿ. ಅವರಲ್ಲಿ ಬಹಳ ಜನ ಮಂತ್ರಿಗಳೇ ಆಗಿರುತ್ತಾರೆ. ಹಿಂದಿನ ಸಾಲಿನಲ್ಲಿ ಕೂತು ತಮ್ಮದೇ ಸರ್ಕಾರವನ್ನು ಪ್ರಶ್ನಿಸಲು ಎಷ್ಟು ಜನ ಉಳಿದಾರು?

ಇದು ಸೋತ ಅಭ್ಯರ್ಥಿಗೆ ಕುರ್ಚಿ ಕೊಡಿಸುವ ಮಾತಲ್ಲ. ಶೇ. 40 ಮತದಾರರಿಗೆ ಕೊಡಬೇಕಾದ ಜಾಗದ ಮಾತು.

ಗಿರಿಜಾ ಬೆಂಗಳೂರು:

ನಮಸ್ಕಾರ. ನನ್ನ ಮಗಳು ಗ್ರೆನಡಾದ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ಓದಿದ್ದಾಳೆ. 2022ರ ಚುನಾವಣೆ ನಡೆದಾಗ ಅಲ್ಲೇ ಇದ್ದಳು. ಅವಳು ಹೇಳಿದ್ದನ್ನು ಬರೆಯುತ್ತೇನೆ.

ಎನ್‌ಎನ್‌ಪಿ ಬಣ್ಣ ಹಸಿರು, ಗುರುತು ಮನೆ. ಎನ್‌ಡಿಸಿ ಬಣ್ಣ ಹಳದಿ, ಗುರುತು ಹೃದಯ. ಚುನಾವಣೆ ಹತ್ತಿರ ಬಂದಾಗ ರಸ್ತೆಯಲ್ಲಿ ಓಡಾಡುವವರ ಟೀ ಶರ್ಟ್ ನೋಡಿದರೇ ಯಾರ ಕಡೆ ಅಂತ ಗೊತ್ತಾಗುತ್ತಿತ್ತಂತೆ. ದೊಡ್ಡ ಸ್ಪೀಕರ್ ಕಟ್ಟಿದ ಲಾರಿಗಳು, ಸೋಕಾ ಸಂಗೀತ, ಸಂಜೆಯ ಸಭೆಗಳು. ಅವಳು ಬಾಡಿಗೆಗಿದ್ದ ಮನೆಯವರಿಗೆ ತಮ್ಮ ಕ್ಷೇತ್ರದ ಇಬ್ಬರೂ ಅಭ್ಯರ್ಥಿಗಳು ಚಿಕ್ಕಂದಿನಿಂದ ಪರಿಚಯ. ಒಬ್ಬರು ದೂರದ ನೆಂಟರೂ ಹೌದು. ಮನೆಯಲ್ಲಿ ಗಂಡ ಒಂದು ಪಕ್ಷ, ಹೆಂಡತಿ ಇನ್ನೊಂದು. ಆದರೂ ಒಂದೇ ಅಡುಗೆ, ಒಂದೇ ಊಟ.

ಅಷ್ಟು ಚಿಕ್ಕ ಊರಿನಲ್ಲಿ ಇನ್ನೊಂದು ತೊಂದರೆಯೂ ಇದೆ ಅಂತ ಅವಳು ಹೇಳುತ್ತಿದ್ದಳು. ಸರ್ಕಾರಿ ಕೆಲಸ, ರಸ್ತೆ ಗುತ್ತಿಗೆ, ಸಹಾಯಧನ, ಎಲ್ಲವೂ ಪರಿಚಯದ ಮೇಲೆ ನಡೆಯುತ್ತದೆ ಅನ್ನುವ ಭಾವನೆ ಜನರಲ್ಲಿ ಇದೆ. ನೀವು ಯಾರ ಬಣ್ಣ ತೊಟ್ಟಿದ್ದಿರಿ ಅಂತ ಎಲ್ಲರಿಗೂ ಗೊತ್ತು. ಹಾಗಿದ್ದಾಗ ಎಲ್ಲ ಸೀಟೂ ಒಂದೇ ಕಡೆ ಹೋದರೆ ಇನ್ನೊಂದು ಬಣ್ಣ ತೊಟ್ಟವರು ಯಾರ ಹತ್ತಿರ ಹೋಗಿ ಕಷ್ಟ ಹೇಳಿಕೊಳ್ಳಬೇಕು? ತುಂಗಾತೀರ ಅವರ ಮಾತು ಓದಿದಾಗ ನನಗೆ ಅದೇ ನೆನಪಾಯಿತು.

ಕೆ. ಮೇಷ್ಟ್ರು:

ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದವನು. ಗ್ರೆನಡಾ ಬಗ್ಗೆ ಮಾತಾಡುವಾಗ 1979 ಬಿಟ್ಟು ಮಾತಾಡಲು ಆಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

1974ರ ಫೆಬ್ರವರಿ 7ಕ್ಕೆ ಬ್ರಿಟನ್‌ನಿಂದ ಸ್ವಾತಂತ್ರ್ಯ ಬಂತು. ಮೊದಲ ಪ್ರಧಾನಿ ಎರಿಕ್ ಗೈರಿ. ಕೃಷಿ ಕಾರ್ಮಿಕರ ಹೋರಾಟದಿಂದ ಬಂದ ನಾಯಕ. ಬಡ ಕೂಲಿಕಾರರು ಅವರನ್ನು ದೇವರಂತೆ ಕಂಡಿದ್ದರು. ಅಧಿಕಾರಕ್ಕೆ ಬಂದ ಮೇಲೆ ಎದುರಾಳಿಗಳನ್ನು ಬೆದರಿಸಲು ಒಂದು ಪಡೆ ಇಟ್ಟುಕೊಂಡರು. ಜನ ಅದನ್ನು ಮಂಗೂಸ್ ಗ್ಯಾಂಗ್ ಅನ್ನುತ್ತಿದ್ದರು. 1976ರ ಚುನಾವಣೆಯಲ್ಲಿ ವಿರೋಧ ಪಕ್ಷಗಳು ಒಟ್ಟಾಗಿ 15ರಲ್ಲಿ 6 ಸೀಟು ಗೆದ್ದವು. ಮಾರಿಸ್ ಬಿಷಪ್ ಎಂಬ ಯುವ ವಕೀಲ ವಿರೋಧ ಪಕ್ಷದ ನಾಯಕರಾದರು.

1979ರ ಮಾರ್ಚ್ 13. ಗೈರಿ ದೇಶದಲ್ಲಿ ಇರಲಿಲ್ಲ. ಬಿಷಪ್ ಅವರ ನ್ಯೂ ಜ್ಯುವೆಲ್ ಮೂವ್‌ಮೆಂಟ್ ಅಧಿಕಾರ ಕಿತ್ತುಕೊಂಡಿತು. ಜನ ಬೀದಿಗೆ ಬಂದು ಸಂಭ್ರಮಿಸಿದರು. ಸಂವಿಧಾನವನ್ನು ಅಮಾನತಿನಲ್ಲಿ ಇಟ್ಟರು. ಆ ನಾಲ್ಕೂವರೆ ವರ್ಷಗಳಲ್ಲಿ ಒಳ್ಳೆಯ ಕೆಲಸಗಳೂ ಆದವು. ವಯಸ್ಕರ ಶಿಕ್ಷಣ, ಹಳ್ಳಿಗಳಲ್ಲಿ ಸಭೆಗಳು, ಆರೋಗ್ಯ ಸೇವೆ, ಕ್ಯೂಬಾದ ನೆರವಿನಿಂದ ಪಾಯಿಂಟ್ ಸೆಲೀನ್ಸ್‌ನಲ್ಲಿ ದೊಡ್ಡ ವಿಮಾನ ನಿಲ್ದಾಣ. ಆದರೆ ಚುನಾವಣೆ ಮಾತ್ರ ನಡೆಯಲೇ ಇಲ್ಲ. ವಿರೋಧಿಸಿದ ಪತ್ರಿಕೆ ಮುಚ್ಚಿಸಿದರು. ವಿಚಾರಣೆ ಇಲ್ಲದೆ ಜನರನ್ನು ಜೈಲಿಗೆ ಹಾಕಿದರು. ಹಾಗೆ ಜೈಲಿಗೆ ಹೋದವರಲ್ಲಿ ಟಿಲ್‌ಮನ್ ಥಾಮಸ್ ಕೂಡ ಒಬ್ಬರು. ಮೇಲೆ ಬಯಲುಸೀಮೆಯವರು ಹೆಸರು ಹೇಳಿದ ಅದೇ ಥಾಮಸ್.

ಪಕ್ಷದ ಒಳಗೇ ಬಿರುಕು ಬಿಟ್ಟಾಗ ಅದನ್ನು ಬಗೆಹರಿಸಲು ಯಾವ ದಾರಿಯೂ ಉಳಿದಿರಲಿಲ್ಲ. ಉಪಪ್ರಧಾನಿಯಾಗಿದ್ದ ಬರ್ನಾರ್ಡ್ ಕೋರ್ಡ್ ಅವರ ಬಣ ಬಿಷಪ್ ಅವರನ್ನು ಗೃಹಬಂಧನದಲ್ಲಿ ಇಟ್ಟಿತು. 1983ರ ಅಕ್ಟೋಬರ್ 19ಕ್ಕೆ ಜನ ಗುಂಪುಗೂಡಿ ಬಿಡಿಸಿಕೊಂಡು ಬಂದರು. ಅದೇ ದಿನ ಕೋಟೆಯಲ್ಲಿ ಸೈನಿಕರು ಬಿಷಪ್ ಮತ್ತು ಸಂಗಡಿಗರನ್ನು ಗೋಡೆಗೆ ನಿಲ್ಲಿಸಿ ಗುಂಡಿಟ್ಟರು. ಅವರ ದೇಹ ಇವತ್ತಿಗೂ ಸಿಕ್ಕಿಲ್ಲ. ಆರು ದಿನ ಕಳೆದು ಅಮೆರಿಕದ ಸೈನ್ಯ ಇಳಿಯಿತು. ಗಿರಿಜಾ ಮೇಡಂ ಹೇಳಿದ ಅದೇ ವಿಶ್ವವಿದ್ಯಾಲಯದ ಅಮೆರಿಕನ್ ವಿದ್ಯಾರ್ಥಿಗಳ ರಕ್ಷಣೆ ಒಂದು ಕಾರಣ ಅಂತ ರೀಗನ್ ಸರ್ಕಾರ ಹೇಳಿತು.

1984ರ ಡಿಸೆಂಬರ್ 3ರಂದು ಮತ್ತೆ ಚುನಾವಣೆ. ಹೊಸದಾಗಿ ಕಟ್ಟಿದ ಎನ್‌ಎನ್‌ಪಿ, ಹರ್ಬರ್ಟ್ ಬ್ಲೇಜ್ ನೇತೃತ್ವದಲ್ಲಿ 15ರಲ್ಲಿ 14 ಗೆದ್ದಿತು. ಕೀತ್ ಮಿಚೆಲ್ ಮೊದಲ ಸಲ ಸಂಸತ್ತಿಗೆ ಬಂದದ್ದು ಆಗಲೇ. ಗಣಿತ ಓದಿ, ಅಮೆರಿಕದಲ್ಲಿ ಪಾಠ ಮಾಡಿ, ಗ್ರೆನಡಾ ಕ್ರಿಕೆಟ್ ತಂಡದ ನಾಯಕರೂ ಆಗಿದ್ದವರು ಅವರು.

ಇನ್ನೊಂದು ಮಾತು. 2009ರಲ್ಲಿ ಆ ವಿಮಾನ ನಿಲ್ದಾಣಕ್ಕೆ ಮಾರಿಸ್ ಬಿಷಪ್ ಹೆಸರು ಇಟ್ಟರು. ಇಟ್ಟದ್ದು ಟಿಲ್‌ಮನ್ ಥಾಮಸ್ ಸರ್ಕಾರ. ತನ್ನನ್ನು ಜೈಲಿಗೆ ಹಾಕಿದ ಸರ್ಕಾರದ ನಾಯಕನ ಹೆಸರನ್ನು ಒಬ್ಬ ಪ್ರಧಾನಿ ಗೌರವದಿಂದ ಇಟ್ಟರು. ರಾಜಕೀಯದಲ್ಲಿ ಇಂಥ ದೊಡ್ಡತನ ನಾನು ಬಹಳ ಕಡಿಮೆ ನೋಡಿದ್ದೇನೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಎದುರು ಮಾತಾಡುವವರೇ ಇಲ್ಲದ ಆಡಳಿತ ಹೇಗಿರುತ್ತದೆ ಅನ್ನುವುದು ಗ್ರೆನಡಾದ ಜನಕ್ಕೆ ಪುಸ್ತಕದ ವಿಷಯ ಅಲ್ಲ. ಗೈರಿ ಕಾಲ ನೋಡಿದರು, ಬಿಷಪ್ ಕಾಲವನ್ನೂ ನೋಡಿದರು. ಅಂಥ ದೇಶದಲ್ಲಿ 15–0 ಬಂದಾಗ ಹಿರಿಯರಿಗೆ ಸ್ವಲ್ಪ ಅಳುಕು ಆಗುವುದು ಸಹಜ.

ಬಯಲುಸೀಮೆಯವ:

ಮೇಷ್ಟ್ರೇ, ತುಂಬಾ ಚೆನ್ನಾಗಿ ಬರೆದಿದ್ದೀರಿ. ಥಾಮಸ್ ಜೈಲಿನ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಬಂದೂಕಿನಿಂದ ಬಂದ ಸರ್ಕಾರವನ್ನೂ ಮತದಿಂದ ಬಂದ 15–0 ಅನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯ ಅಲ್ಲ. ಕೀತ್ ಮಿಚೆಲ್ ಸೋತ ದಿನ ಅಧಿಕಾರ ಬಿಟ್ಟುಕೊಟ್ಟರು. 2008ರಲ್ಲೂ ಬಿಟ್ಟುಕೊಟ್ಟಿದ್ದರು. ಎಲ್ಲ ಸೀಟು ಗೆದ್ದವರು ಸರ್ವಾಧಿಕಾರಿ ಆಗಲಿಲ್ಲ.

ಕೆ. ಮೇಷ್ಟ್ರು:

ಅದು ನಿಜ, ನಾನೂ ಒಂದೇ ಅಂತ ಹೇಳುತ್ತಿಲ್ಲಪ್ಪ. ಕೀತ್ ಮಿಚೆಲ್ ಅವರಿಗೆ ಆ ಗೌರವ ಸಲ್ಲಬೇಕು. ಆದರೆ ಮನುಷ್ಯ ಒಳ್ಳೆಯವನಾಗಿದ್ದ, ಹಾಗಾಗಿ ತೊಂದರೆ ಆಗಲಿಲ್ಲ ಅಂದರೆ ಸಾಲದು. ಮುಂದೆ ಯಾರು ಬರುತ್ತಾರೋ ಯಾರಿಗೆ ಗೊತ್ತು?

ನ್ಯಾಯಪೀಠ:

ಕಾನೂನಿನ ಕಡೆಯಿಂದ ಕೆಲವು ಮಾತು.

ಗ್ರೆನಡಾದ ಸೆನೆಟ್‌ನಲ್ಲಿ 13 ಜನ. ಅದರಲ್ಲಿ 10 ಜನರನ್ನು ಪ್ರಧಾನಿಯ ಸಲಹೆಯಂತೆ ಗವರ್ನರ್ ಜನರಲ್ (ಬ್ರಿಟನ್ ರಾಜರ ಪ್ರತಿನಿಧಿ) ನೇಮಿಸುತ್ತಾರೆ. ಆ ಹತ್ತರಲ್ಲಿ ಮೂವರನ್ನು ಬೇರೆ ಬೇರೆ ವರ್ಗಗಳ ಜೊತೆ ಸಮಾಲೋಚನೆ ಮಾಡಿ ಆರಿಸಬೇಕು. ಉಳಿದ 3 ಜನ ವಿರೋಧ ಪಕ್ಷದ ನಾಯಕರ ಸಲಹೆಯಂತೆ. ಆ ನಾಯಕ ಕೆಳಮನೆಯ ಸದಸ್ಯನೇ ಆಗಿರಬೇಕು. 15–0 ಆದರೆ ಆ ಹುದ್ದೆಯೇ ಖಾಲಿ. ಕೆಳಮನೆಯ ಪೆಟ್ಟು ಮೇಲ್ಮನೆಗೂ ತಟ್ಟುತ್ತದೆ.

ಹಾಗಾದರೆ ಏನು ಮಾಡಿದರು? ಆಡಳಿತ ಪಕ್ಷದಿಂದಲೇ ಯಾರಾದರೂ ಎದ್ದು ಎದುರು ಬೆಂಚಿಗೆ ಬರಬೇಕು. 1999ರ ಗೆಲುವಿನ ನಂತರ ಮಂತ್ರಿಯಾಗಿದ್ದ ಮೈಕಲ್ ಬ್ಯಾಪ್ಟಿಸ್ಟ್ ಹೊರಬಂದು ವಿರೋಧ ಪಕ್ಷದ ನಾಯಕರಾದರು. 2018ರಲ್ಲಿ ಎನ್‌ಎನ್‌ಪಿ ಟಿಕೆಟ್ ಮೇಲೆ ಗೆದ್ದ ಟೋಬಿಯಾಸ್ ಕ್ಲೆಮೆಂಟ್ ಕೆಲವೇ ವಾರಗಳಲ್ಲಿ ಪಕ್ಷ ಬಿಟ್ಟು ಆ ಹುದ್ದೆಗೆ ಬಂದರು. ಬಾರ್ಬಡೋಸ್‌ನಲ್ಲೂ ಅದೇ ವರ್ಷ ಇದೇ ಕಥೆ. ಮಿಯಾ ಮೋಟ್ಲಿ ಅವರ ಪಕ್ಷ ಮೇ 24ರಂದು 30ಕ್ಕೆ 30 ಗೆದ್ದಿತು. ಅದೇ ಪಕ್ಷದಿಂದ ಗೆದ್ದ ಜೋಸೆಫ್ ಆಥರ್ಲಿ (ಚರ್ಚಿನ ಬಿಷಪ್) ಕೆಲವೇ ದಿನಗಳಲ್ಲಿ ಎದುರು ಬದಿಗೆ ಹೋಗಿ ನಾಯಕರಾದರು. 2022ರ ಜನವರಿಯಲ್ಲಿ ಮತ್ತೆ 30ಕ್ಕೆ 30.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಎನ್‌ಡಿಸಿಗೆ ಶೇ. 40 ಮತ ಬಂತು. ಆದರೆ ಆ ಮತದಾರರ ಪರವಾಗಿ ವಿರೋಧ ಪಕ್ಷದ ನಾಯಕನಾದವನು ಎನ್‌ಎನ್‌ಪಿ ಮತದಿಂದ ಗೆದ್ದವನು. ಎರಡೂ ಕಡೆಯ ಮತದಾರರಿಗೆ ಇದು ಸಮಾಧಾನ ಕೊಡುವ ವಿಷಯ ಅಲ್ಲ. ಒಬ್ಬ ಸದಸ್ಯನಿಗೆ ತನ್ನ ಪಕ್ಷದ ಮೇಲೆ ಬೇಸರ ಬಂದರೆ ಮಾತ್ರ ದೇಶಕ್ಕೆ ವಿರೋಧ ಪಕ್ಷ!

ಸರಿಪಡಿಸುವ ಪ್ರಯತ್ನವೂ ಆಯಿತು. 2016ರ ನವೆಂಬರ್ 24ರಂದು ಸಂವಿಧಾನ ತಿದ್ದುಪಡಿಗೆ ಜನಮತಗಣನೆ ಇಟ್ಟರು. ಏಳು ಮಸೂದೆ. ಒಂದೇ ಪಕ್ಷ ಎಲ್ಲ ಸೀಟು ಗೆದ್ದರೂ ವಿರೋಧ ಪಕ್ಷದ ನಾಯಕ ಇರುವಂತೆ ಮಾಡುವ ಮಸೂದೆ ಅವುಗಳಲ್ಲಿ ಒಂದು. ಪಾಸಾಗಲು ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. ಏಳೂ ಬಿದ್ದುಹೋದವು.

ಗಿರಿಜಾ ಬೆಂಗಳೂರು:

ಇಷ್ಟು ಒಳ್ಳೆಯ ಮಸೂದೆಯನ್ನು ಜನ ಯಾಕೆ ಬೇಡ ಅಂದರು?

ನ್ಯಾಯಪೀಠ:

ಮೇಡಂ, ಒಂದು ಕಾರಣ ಹೇಳುವುದು ಕಷ್ಟ. ಏಳು ವಿಷಯ ಒಂದೇ ದಿನ ಇಟ್ಟರು. ಲಿಂಗ ಸಮಾನತೆಯ ಮಾತಿದ್ದ ಹಕ್ಕುಗಳ ಮಸೂದೆಯ ಬಗ್ಗೆ ಚರ್ಚ್‌ಗಳು ಗಟ್ಟಿಯಾಗಿ ವಿರೋಧ ಮಾಡಿದವು. ಸಲಿಂಗ ವಿವಾಹಕ್ಕೆ ಅದು ಬಾಗಿಲು ತೆರೆಯುತ್ತದೆ ಅಂತ ಅವರ ಭಯ. ಒಂದರ ಮೇಲಿನ ಅನುಮಾನ ಎಲ್ಲದರ ಮೇಲೂ ಬಿತ್ತು. ಮತದಾರರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಮತಗಟ್ಟೆಗೆ ಬಂದರು. ಇನ್ನೊಂದು ಮುಖ್ಯ ವಿಷಯ: ಜನಮತಗಣನೆ ನಡೆಸುತ್ತಿದ್ದದ್ದು 15–0 ಸರ್ಕಾರವೇ. ತಿದ್ದುಪಡಿ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಜನಕ್ಕೆ ಸರ್ಕಾರಕ್ಕೆ ಬೇಡ ಅನ್ನಲು ಅದೊಂದೇ ದಾರಿ ಇತ್ತು ಅಂತ ನನಗನ್ನಿಸುತ್ತದೆ. 2018ರ ನವೆಂಬರ್‌ನಲ್ಲಿ ಕೆರಿಬಿಯನ್ ನ್ಯಾಯಾಲಯವನ್ನು ಕೊನೆಯ ಮೇಲ್ಮನವಿ ಕೋರ್ಟ್ ಮಾಡಲು ಮತ್ತೆ ಜನಮತ ಕೇಳಿದರು. ಅದೂ ಸೋತಿತು. ಅದೇ ವರ್ಷದ ಮಾರ್ಚ್‌ನಲ್ಲಿ 15 ಸೀಟು ಕೊಟ್ಟ ಜನ ಅವರು!

ಮಗಳು ಅಲ್ಲಿ ಇದ್ದಳು ಅಂದಿರಿ. ಒಂದು ಕುತೂಹಲದ ವಿಷಯ ಹೇಳುತ್ತೇನೆ. ಗ್ರೆನಡಾ ಸಂವಿಧಾನದ ಪ್ರಕಾರ ಅಲ್ಲಿನ ಪೌರರಷ್ಟೇ ಅಲ್ಲ, ಕಾಮನ್‌ವೆಲ್ತ್ ದೇಶಗಳ ಪೌರರು ಕೂಡ ವಾಸದ ನಿಯಮ ಪೂರೈಸಿದರೆ ಮತದಾರರಾಗಿ ಹೆಸರು ನೋಂದಾಯಿಸಬಹುದು. ಭಾರತ ಕಾಮನ್‌ವೆಲ್ತ್‌ನಲ್ಲಿ ಇದೆ.

ಟೊರೊಂಟೊ ಕನ್ನಡತಿ:

ನನ್ನ ಆಫೀಸಿನಲ್ಲಿ ಕ್ಯಾರಿಯಾಕೂ ದ್ವೀಪದ ಒಬ್ಬರು ಅಕ್ಕ ಇದ್ದಾರೆ. ಅವರಿಗೆ ಈ ಚರ್ಚೆ ಬಗ್ಗೆ ಹೇಳಿದೆ. 2003ರ ಚುನಾವಣೆಯ ಮಾತು ಬರೆಯದಿದ್ದರೆ ಏನೂ ಬರೆದ ಹಾಗಲ್ಲ ಅಂದರು.

ಆ ವರ್ಷ ಎನ್‌ಎನ್‌ಪಿ 8, ಎನ್‌ಡಿಸಿ 7. ಸರ್ಕಾರ ನಿಂತದ್ದು ಒಂದು ಸೀಟಿನ ಮೇಲೆ. ಕ್ಯಾರಿಯಾಕೂ ಮತ್ತು ಪೆಟೀಟ್ ಮಾರ್ಟಿನೀಕ್ ಕ್ಷೇತ್ರದಲ್ಲಿ ಎನ್‌ಎನ್‌ಪಿ ಗೆದ್ದ ಅಂತರ 6 ಮತ. ಆರೇ ಆರು! ಮೂರು ಜನ ಮನಸ್ಸು ಬದಲಾಯಿಸಿದ್ದರೆ ಅಲ್ಲಿ ಸಮ, ನಾಲ್ಕು ಜನ ಬದಲಾಯಿಸಿದ್ದರೆ ಇನ್ನೊಂದು ಪಕ್ಷದ ಸರ್ಕಾರ. ಆ ಅಕ್ಕ ಹೇಳುವ ಪ್ರಕಾರ ಯಾರ ಮನೆಯವರು ಆ ದಿನ ಮತ ಹಾಕಲು ಹೋಗಲಿಲ್ಲ ಅಂತ ದ್ವೀಪದಲ್ಲಿ ವರ್ಷಗಟ್ಟಲೆ ಮಾತಾಡುತ್ತಿದ್ದರಂತೆ.

ಹಾಗಾಗಿಯೇ ಹೊರಗಿನವರ ಪ್ರಯಾಣವೂ ಮುಖ್ಯ. ಟೊರೊಂಟೊ, ಬ್ರೂಕ್ಲಿನ್, ಲಂಡನ್ ಕಡೆ ಗ್ರೆನಡಾದವರು ಬಹಳ ಇದ್ದಾರೆ. ಹೊರದೇಶದಿಂದ ಅಂಚೆಯಲ್ಲಿ ಮತ ಕಳಿಸಲು ಆಗುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರು ರಜೆ ಹಾಕಿ ವಿಮಾನ ಹತ್ತುತ್ತಾರೆ. ನಮ್ಮಂಥ ಅನಿವಾಸಿಗಳಿಗೂ ಭಾರತದಲ್ಲಿ ಅದೇ ನಿಯಮ, ಊರಿಗೆ ಹೋಗಿಯೇ ಹಾಕಬೇಕು. ಆದರೆ ನನ್ನ ಒಂದು ಮತ ಎರಡು ಲಕ್ಷದಲ್ಲಿ ಒಂದು. ಅವರದ್ದು ಕೆಲವು ಸಾವಿರದಲ್ಲಿ ಒಂದು. ಒಂದು ಮತಕ್ಕೆ ಅಷ್ಟು ಬೆಲೆ ಇರುವ ಅದೇ ದೇಶದಲ್ಲಿ ಶೇ. 40 ಮತಕ್ಕೆ ಏನೂ ಸಿಗಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ ಅನ್ನಿಸಿತು.

ಈಶಾನ್ಯದ ಅಲೆಮಾರಿ:

ನಮ್ಮ ದೇಶದಲ್ಲೂ ಇದು ಆಗಿದೆ. ಸಿಕ್ಕಿಂನಲ್ಲಿ 32 ಸೀಟು. 1989ರಲ್ಲಿ ಸಿಕ್ಕಿಂ ಸಂಗ್ರಾಮ್ ಪರಿಷತ್ 32ಕ್ಕೆ 32. 2009ರಲ್ಲಿ ಸಿಕ್ಕಿಂ ಡೆಮಾಕ್ರಟಿಕ್ ಫ್ರಂಟ್ 32ಕ್ಕೆ 32. 2024ರಲ್ಲಿ ಸಿಕ್ಕಿಂ ಕ್ರಾಂತಿಕಾರಿ ಮೋರ್ಚಾ 31 ಗೆದ್ದಿತು. ಉಳಿದ ಒಬ್ಬ ಶಾಸಕರೂ ಕೆಲವೇ ವಾರಗಳಲ್ಲಿ ಆಡಳಿತ ಪಕ್ಷ ಸೇರಿದರು. ಗ್ರೆನಡಾದಲ್ಲಿ ಒಬ್ಬರು ಎದುರು ಬೆಂಚಿಗೆ ಬಂದರು, ಸಿಕ್ಕಿಂನಲ್ಲಿ ಇದ್ದ ಒಬ್ಬರೂ ಹೋದರು.

ಕರ್ನಾಟಕದ ಲೆಕ್ಕವನ್ನೂ ನೋಡಿ. 2019ರ ಲೋಕಸಭೆಯಲ್ಲಿ ಇಲ್ಲಿ ಬಿಜೆಪಿಗೆ ಶೇ. 51ರ ಮೇಲೆ ಮತ, 28ರಲ್ಲಿ 25 ಸೀಟು. ಕಾಂಗ್ರೆಸ್‌ಗೆ ಸುಮಾರು ಶೇ. 32 ಮತ, ಸೀಟು ಒಂದು. 2014ರಿಂದ 2024ರವರೆಗೆ ಲೋಕಸಭೆಯಲ್ಲಿ ಅಧಿಕೃತ ವಿರೋಧ ಪಕ್ಷದ ನಾಯಕರೇ ಇರಲಿಲ್ಲ. ಹತ್ತನೇ ಒಂದು ಭಾಗ ಸೀಟು ಬೇಕು ಅನ್ನುವ ರೂಢಿ ಅಡ್ಡ ಬಂತು. ನಮ್ಮ ಕಲಬುರಗಿಯ ಖರ್ಗೆ ಅವರು 2014ರಿಂದ 19ರವರೆಗೆ ಸದನದಲ್ಲಿ ಕಾಂಗ್ರೆಸ್ ನಾಯಕರಾಗಿದ್ದರೂ ಆ ಸ್ಥಾನಮಾನ ಸಿಗಲಿಲ್ಲ.

ಕೆ. ಮೇಷ್ಟ್ರು:

ಇದಕ್ಕೆ ಜಮೈಕಾದ 1983 ಸೇರಿಸಿ. ಗ್ರೆನಡಾ ದಾಳಿಯ ಬೆನ್ನಲ್ಲೇ, ಅಮೆರಿಕದ ಜೊತೆ ನಿಂತಿದ್ದ ಪ್ರಧಾನಿ ಎಡ್ವರ್ಡ್ ಸಿಯಾಗಾ ದಿಢೀರ್ ಚುನಾವಣೆ ಕರೆದರು. ಮತದಾರರ ಪಟ್ಟಿ ಸರಿಮಾಡದೆ ಚುನಾವಣೆ ಬೇಡ ಅಂತ ವಿರೋಧ ಪಕ್ಷ ಪಿಎನ್‌ಪಿ ಬಹಿಷ್ಕಾರ ಹಾಕಿತು. 60 ಸೀಟೂ ಒಂದೇ ಪಕ್ಷಕ್ಕೆ. ಸಿಯಾಗಾ ಅವರು ಸೆನೆಟ್‌ನಲ್ಲಿ ವಿರೋಧ ಪಕ್ಷಕ್ಕೆ ಇದ್ದ ಜಾಗಗಳಿಗೆ ಸ್ವತಂತ್ರರನ್ನು ನೇಮಿಸಿದರು. ಅಷ್ಟಾದರೂ ಮಾಡಿದರು ಅನ್ನಿ.

ಬಯಲುಸೀಮೆಯವ:

ಸರಿ, ಪರಿಹಾರ ಏನು? ಮತದ ಪ್ರಮಾಣಕ್ಕೆ ಸೀಟು ಹಂಚುವ ಪದ್ಧತಿ ತರಬೇಕಾ? 2018ರ ಲೆಕ್ಕಕ್ಕೆ ಅದನ್ನು ಹಾಕಿದರೆ 9–6 ಬರುತ್ತದೆ. ಒಪ್ಪುತ್ತೇನೆ, ನೋಡಲು ಚೆನ್ನಾಗಿದೆ. ಆದರೆ ಗಿರಿಜಾ ಮೇಡಂ ಹೇಳಿದ್ದನ್ನು ನೆನಪಿಡಿ. ಅಲ್ಲಿ ತಮ್ಮ ಸಂಸದ ಜನರಿಗೆ ಮುಖತಃ ಗೊತ್ತು. ಪಟ್ಟಿ ಪದ್ಧತಿ ತಂದರೆ ಯಾರು ಒಳಗೆ ಬರಬೇಕು ಅಂತ ಪಕ್ಷದ ಆಫೀಸು ತೀರ್ಮಾನ ಮಾಡುತ್ತದೆ. ಆ ಸಂಬಂಧ ಹೋಗುತ್ತದೆ.

ತುಂಗಾತೀರ:

ಆ ಕಾಳಜಿ ನನಗೂ ಇದೆ. 15 ಕ್ಷೇತ್ರ ಹಾಗೇ ಇರಲಿ. ಸೋತ ಪಕ್ಷಗಳಲ್ಲಿ ಜಾಸ್ತಿ ಮತ ಪಡೆದವರಿಗೆ ಸೆನೆಟ್‌ನ ಆ ಮೂರು ಜಾಗ ಖಾತ್ರಿಯಾಗಿ ಸಿಗಲಿ. ಕೆಳಮನೆಯಲ್ಲಿ ಅವರ ನಾಯಕನಿಗೆ ಮಾತಾಡುವ ಅವಕಾಶ ಇರಲಿ. ಇದಕ್ಕೆ ಕ್ಷೇತ್ರ ಒಡೆಯಬೇಕಿಲ್ಲ, ಪಟ್ಟಿ ಮಾಡಬೇಕಿಲ್ಲ. 2016ರ ಆ ಒಂದು ಮಸೂದೆಯನ್ನು ಬೇರೆ ಆರರ ಜೊತೆ ಕಟ್ಟದೆ ಒಂಟಿಯಾಗಿ ಜನರ ಮುಂದೆ ಇಡಬೇಕಿತ್ತು.

ಇನ್ನೊಂದು ಕೆಲಸ ನನ್ನ ಪ್ರಕಾರ ಇದಕ್ಕಿಂತ ಮುಖ್ಯ. ಸ್ಥಳೀಯ ಸರ್ಕಾರ. ಗ್ರೆನಡಾ ಸಂವಿಧಾನದಲ್ಲೇ ಕ್ಯಾರಿಯಾಕೂ ಮತ್ತು ಪೆಟೀಟ್ ಮಾರ್ಟಿನೀಕ್‌ಗೆ ಒಂದು ಕೌನ್ಸಿಲ್ ಇರಬೇಕು ಅಂತ ಬರೆದಿದೆ. ದಶಕಗಳು ಕಳೆದರೂ ಅದನ್ನು ಕಟ್ಟಲಿಲ್ಲ. 15–0 ಸರ್ಕಾರಗಳೂ ಕಟ್ಟಲಿಲ್ಲ, ಬೇರೆಯವರೂ ಕಟ್ಟಲಿಲ್ಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ನೇರವಾಗಿ ಕ್ಯಾರಿಯಾಕೂ ಮೇಲೆ ಬಂದು ಬಹುತೇಕ ಮನೆಗಳ ಚಾವಣಿ ಕಿತ್ತು ಹಾಕಿತು. ಯಾವ ಬೀದಿಗೆ ಮೊದಲು ನೀರು, ಯಾವ ಶಾಲೆಗೆ ಮೊದಲು ಶೀಟು ಅಂತ ತೀರ್ಮಾನಿಸಲು ದ್ವೀಪದವರೇ ಆರಿಸಿದ ಒಂದು ಸಭೆ ಇರಬೇಕಿತ್ತು.

ಟೊರೊಂಟೊ ಕನ್ನಡತಿ:

ಬೆರಿಲ್ ಬಂದ ವಾರ ಆ ಅಕ್ಕನಿಗೆ ಮನೆಯವರ ಫೋನು ಸಿಗದೆ ಒದ್ದಾಡಿದ್ದನ್ನು ನಾನು ನೋಡಿದ್ದೇನೆ. ಎಲ್ಲ ತೀರ್ಮಾನವೂ ರಾಜಧಾನಿ ಸೇಂಟ್ ಜಾರ್ಜಸ್‌ನಿಂದಲೇ ಬರಬೇಕು ಅನ್ನುವುದು ಅವರ ಹಳೆಯ ದೂರು. ಪಕ್ಷ ಯಾವುದಾದರೂ ಅವರ ದೂರು ಬದಲಾಗಿಲ್ಲ.

ನ್ಯಾಯಪೀಠ:

ಈ ವಿಷಯದಲ್ಲಿ ನಾವು ಬೇರೆಯವರಿಗೆ ಹೇಳುವ ಮೊದಲು ನಮ್ಮದನ್ನೂ ನೋಡಬೇಕು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೂ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಸಂವಿಧಾನದಲ್ಲಿ ಬರೆದಿದ್ದರೂ ನಡೆಸದಿರುವುದು ಗ್ರೆನಡಾದಲ್ಲಿ ಮಾತ್ರ ಅಲ್ಲ.

ಬಯಲುಸೀಮೆಯವ:

ಸ್ಥಳೀಯ ಚುನಾವಣೆ ಬೇಕು ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದು ಜನ ಆರಿಸುವ ಜಾಗ. ಸೆನೆಟ್‌ಗೆ ಸೋತ ಪಕ್ಷದವರನ್ನು ಕಡ್ಡಾಯವಾಗಿ ತರುವುದನ್ನು ಈಗಲೂ ಒಪ್ಪುವುದಿಲ್ಲ. ಗೆಲ್ಲಲು ಆಗದಿದ್ದರೆ ಹಳ್ಳಿಹಳ್ಳಿ ಸುತ್ತಿ ಪಕ್ಷ ಕಟ್ಟಲಿ. ಡಿಕನ್ ಮಿಚೆಲ್ ಕಟ್ಟಿದರಲ್ಲ, ಎಂಟು ತಿಂಗಳೊಳಗೆ.

ಗಿರಿಜಾ ಬೆಂಗಳೂರು:

ಅವರು ಒಬ್ಬರೇ ಕಟ್ಟಲಿಲ್ಲ ಸರ್. ಮಗಳು ಹೇಳಿದ ಪ್ರಕಾರ ಶಿಕ್ಷಕರು, ಸರ್ಕಾರಿ ನೌಕರರು ಪಿಂಚಣಿ ವಿಷಯದಲ್ಲಿ ವರ್ಷಗಳಿಂದ ಹೋರಾಡುತ್ತಿದ್ದರು. ಸಭೆಯಲ್ಲಿ ಅವರ ಪಕ್ಷದ ಒಬ್ಬರೂ ಇಲ್ಲದಿದ್ದಾಗ ಯೂನಿಯನ್‌ಗಳು, ರೇಡಿಯೊಗೆ ಫೋನ್ ಮಾಡುವ ಜನ, ಇವರೇ ಆ ಕೆಲಸ ಮಾಡಿದರು. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಡ್ರೈವರ್ ಹಾಕಿದ ರೇಡಿಯೊದಲ್ಲಿ ಜನ ಮಂತ್ರಿಗಳನ್ನು ಹೆಸರು ಹಿಡಿದು ಪ್ರಶ್ನೆ ಕೇಳುತ್ತಿದ್ದರಂತೆ. ಬಸ್ಸಿನ ಒಳಗಿದ್ದವರು ಅದಕ್ಕೆ ಉತ್ತರ ಕೊಡುತ್ತಿದ್ದರಂತೆ.

ತುಂಗಾತೀರ:

ಆ ಜನರ ಮೇಲೆ ನನಗೆ ದೊಡ್ಡ ಗೌರವ ಇದೆ. ಆದರೆ ರೇಡಿಯೊಗೆ ಫೋನ್ ಮಾಡಿದವರು ಕಡತ ತರಿಸಲು ಆಗುವುದಿಲ್ಲ. ಮಂತ್ರಿ ಉತ್ತರ ಕೊಡದಿದ್ದರೆ ಮರುದಿನ ಸದನದಲ್ಲಿ ಎದ್ದು ನಿಂತು ಮತ್ತೆ ಕೇಳಲು ಆಗುವುದಿಲ್ಲ. 2022ರ ಜೂನ್‌ನಿಂದ ಗ್ರೆನಡಾದಲ್ಲಿ ಆ ಕೆಲಸಕ್ಕೆ ಆರು ಜನ ಸಂಸದರು ಬಂದರು. ಸೋತ ಮೇಲೂ ತನ್ನ ಕ್ಷೇತ್ರ ಉಳಿಸಿಕೊಂಡ ಕೀತ್ ಮಿಚೆಲ್, ಮೂರು ಸಲ ಎದುರು ಬೆಂಚನ್ನು ಖಾಲಿ ಮಾಡಿಸಿದ್ದ ಅದೇ ಕೀತ್ ಮಿಚೆಲ್, ವಿರೋಧ ಪಕ್ಷದ ನಾಯಕರಾಗಿ ಅಲ್ಲಿ ಕೂತರು. ಅವರಿಗೆ ಆ ಜಾಗ ಸಿಕ್ಕಿದ್ದು ಸರಿಯಾದದ್ದೇ. 2013ರಲ್ಲಿ, 2018ರಲ್ಲಿ ಎನ್‌ಡಿಸಿಗೆ ಮತ ಹಾಕಿದವರಿಗೂ ಅದು ಸಿಗಬೇಕಿತ್ತು ಅನ್ನುವುದು ನನ್ನ ಮಾತು. ಬಯಲುಸೀಮೆಯವರೇ, ಸೆನೆಟ್ ಬೇಡ ಅಂದಿರಿ. ಹಾಗಾದರೆ ಮುಂದಿನ ಸಲ 15–0 ಬಂದರೆ ಲೆಕ್ಕಪತ್ರ ಸಮಿತಿಗೆ ಯಾರನ್ನು ಕೂರಿಸುತ್ತೀರಿ? ಅದಕ್ಕೆ ನಿಮ್ಮ ಉತ್ತರ ಕಾಯುತ್ತಿದ್ದೇನೆ.